ಹತ್ತುವ ಗಾಡಿ, ಹಾರುವ ಗಾಡಿ

ನಮ್ಮ ಮನೆಯಲ್ಲಿರುವುದು ಒಂದೇ ಬೈಕು. ವಾರಸುದಾರರು ಮಾತ್ರ ಮೂವರು. ಆರ್‌ಸಿಯಲ್ಲಿರುವುದು ಅಪ್ಪನ ಹೆಸರು. ಬಿಚ್ಚುವ, ಜೋಡಿಸುವ ಹಕ್ಕು ತಮ್ಮನದು. ಮೈಸೂರಿನಿಂದ ರಜೆಗೆ ಬಂದಾಗಲೆಲ್ಲ ಸಂತೆಗೆ, ಬ್ಯಾಂಕಿಗೆ, ಚಿಕ್ಕಮ್ಮನ ಮನೆಗೆ ಅಂತ ಓಡಿಸಿಕೊಂಡು ತಿರುಗುವವಳು ನಾನು. 1994ರ ಯಮಹಾ ಆರ್‌ಎಕ್ಸ್ 100. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಂದದ್ದು ನಾನು ಹುಟ್ಟಿದ ವರ್ಷ. ಹಾಗಾಗಿ ನಮ್ಮಿಬ್ಬರಿಗೂ ಒಂದೇ ವಯಸ್ಸು ಅಂತ ಅಮ್ಮನ ಲೆಕ್ಕ.

ಈ ಗಾಡಿಯ ಪರ್ಫಾರ್ಮೆನ್ಸ್ ಹೆಚ್ಚಿಸಬೇಕು ಅನ್ನುವುದರಲ್ಲಿ ಹೋದ ಬೇಸಿಗೆಯಲ್ಲಿ ಮನೆಮಂದಿಗೆಲ್ಲ ಒಮ್ಮತವಿತ್ತು. ಜಗಳ ಶುರುವಾದದ್ದು ಪರ್ಫಾರ್ಮೆನ್ಸ್ ಅಂದರೇನು ಅನ್ನುವಲ್ಲಿ.

ನಮ್ಮೂರು ಸಕಲೇಶಪುರದ ಆಚೆ. ಮನೆಯಿಂದ ಎರಡೂವರೆ ಕಿಲೋಮೀಟರ್ ಮೇಲೆ, ಗುಡ್ಡದ ನೆತ್ತಿಯಲ್ಲಿ ನಮಗೆ ಒಂದೂವರೆ ಎಕರೆ ಕಾಫಿ ಇದೆ. ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಅಲ್ಲಿಗೆ ಹೋಗುವುದು ಮಣ್ಣುರಸ್ತೆ. ಮಳೆಗಾಲದಲ್ಲಿ ಅದೂ ಇಲ್ಲ, ಬರೀ ಕೊರಕಲು. ಗೊಬ್ಬರದ ಮೂಟೆ, ಔಷಧಿ ಹೊಡೆಯುವ ಕ್ಯಾನು, ಕೊಯ್ಲಿನ ಕಾಲದಲ್ಲಿ ಹಣ್ಣಿನ ಚೀಲ ಎಲ್ಲವೂ ಇದೇ ಬೈಕಿನ ಹಿಂದೆ ಹತ್ತಿ ಇಳಿಯಬೇಕು. ಎರಡು ವರ್ಷದಿಂದ ಗಾಡಿ ಕೊನೆಯ ತಿರುವಿನಲ್ಲಿ ನಿಂತುಬಿಡುತ್ತಿತ್ತು. ಅಪ್ಪ ಮೂಟೆ ಇಳಿಸಿ, ಖಾಲಿ ಗಾಡಿ ಮೇಲೆ ಹತ್ತಿಸಿ, ಮತ್ತೆ ಇಳಿದು ಬಂದು ಮೂಟೆ ಹೊರುತ್ತಿದ್ದರು. ಅವರಿಗೆ ಅರವತ್ತೆರಡು. ಬಲಗಾಲಿನ ಮಂಡಿ ಸವೆದಿದೆ. ಒಂದು ರಾತ್ರಿ ಊಟಕ್ಕೆ ಕೂತಾಗ, ಯಾರಿಗೂ ಹೇಳುತ್ತಿಲ್ಲವೆಂಬಂತೆ, "ಗಾಡಿ ಹತ್ತದಿದ್ರೆ ಆ ಮೇಲಿನ ತೋಟ ಕೊಟ್ಟುಬುಡದೇ ಸೈ" ಅಂದರು. ಹೋಂಸ್ಟೇ ಕಟ್ಟಬೇಕೆಂದಿದ್ದ ಒಬ್ಬರು ಆ ಜಾಗವನ್ನು ಮೂರು ವರ್ಷದಿಂದ ಕೇಳುತ್ತಲೇ ಇದ್ದರು. ಅಲ್ಲಿಂದ ಕಾಣುವ ಬೆಟ್ಟಸಾಲು ಅವರಿಗೆ ಬೇಕಿತ್ತು.

ಹೊಸ ಗಾಡಿ ತೆಗೆದುಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ನನ್ನ ಫೆಲೋಶಿಪ್ ಹಣ ಬರುವ ಕಾಲ ನಮ್ಮೂರ ಹೂಮಳೆಯಷ್ಟೇ ಅನಿಶ್ಚಿತ, ಅದೊಂದು ಕಾರಣ. ಇನ್ನೊಂದು, ಆರ್‌ಎಕ್ಸಿನ ತೂಕ. ನೂರು ಕೆಜಿಯ ಮೇಲೆ ಒಂದಿಷ್ಟು ಅಷ್ಟೇ. ಕೊರಕಲಿನಲ್ಲಿ ಚಕ್ರ ಹೂತುಹೋದರೆ ಅಪ್ಪ ಒಬ್ಬರೇ ಹಿಂಭಾಗ ಎತ್ತಿ ಪಕ್ಕಕ್ಕಿಡಬಲ್ಲರು. ಈಗಿನ ಗಾಡಿಗಳಲ್ಲಿ ಅದು ಆಗದ ಮಾತು.

ತಮ್ಮನ ಪರ್ಫಾರ್ಮೆನ್ಸ್ ಬೇರೆ. ಅವನು ಐಟಿಐ ಮುಗಿಸಿ ಪೇಟೆಯ ಗ್ಯಾರೇಜೊಂದರಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಾನೆ. ಟೂ ಸ್ಟ್ರೋಕ್ ಗಾಡಿ ಅಂದರೆ ಮೇಸ್ತ್ರಿಯೂ ಅವನ ಕೈಗೇ ಬಿಡುತ್ತಾರೆ. ವಾರಕ್ಕೆ ಇಬ್ಬರು ಮೂವರಾದರೂ ಹುಡುಗರು ಬಂದು "ಅಣ್ಣಾ, ಪೋರ್ಟಿಂಗ್ ಮಾಡಿಕೊಡು, ಹಾರ್ಬೇಕು" ಅನ್ನುತ್ತಾರಂತೆ. ಅವನಿಗೂ ಒಂದು ಗಾಡಿಯನ್ನು ಪೂರ್ತಿ ತನ್ನ ಕೈಯಾರೆ ಕಟ್ಟಿ, ಎಲ್ಲಾದರೂ ಸರಿಯಾದ ಟ್ರ್ಯಾಕಿನಲ್ಲಿ ಕಾಲು ಮೈಲಿ ಡ್ರ್ಯಾಗ್ ಓಡಿಸಬೇಕೆಂಬ ಆಸೆ. ಸಂಬಳದಲ್ಲಿ ಉಳಿಸಿ ಒಂದು ಎಕ್ಸ್‌ಪಾನ್ಷನ್ ಚೇಂಬರ್ ಸೈಲೆನ್ಸರನ್ನೂ ತಂದಿಟ್ಟುಕೊಂಡಿದ್ದ. ಹೊಟ್ಟೆ ಉಬ್ಬಿದ, ಎರಡೂ ತುದಿ ಸಣ್ಣಗಾದ ಆ ಪೈಪನ್ನು ನೋಡಿದ ಅಮ್ಮ, "ಬಸುರಿ ಹಾವಿನಂಗೈತೆ" ಅಂದಿದ್ದರು. ಅದನ್ನು ಹಾಕಲು ಅವನಿಗೆ ಬೇಕಿದ್ದದ್ದು ಅಪ್ಪನ ಗಾಡಿ.

ನಾನು ಓದುತ್ತಿರುವುದು ಭೌತಶಾಸ್ತ್ರ. ಸಂಶೋಧನೆ ಲೋಹದ ತೆಳುಪದರಗಳ ಮೇಲೆ. ಎಂಜಿನ್ನಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೆ ಮನೆಯಲ್ಲಿ ಅಂತಹ ವಿನಾಯಿತಿ ಇಲ್ಲ. "ನೀನು ಓದಿದವಳು, ನೀನೇ ಹೇಳು" ಎಂದು ಇಬ್ಬರೂ ನನ್ನ ಕಡೆ ತಿರುಗಿದರು.

ಹೇಳುವುದಕ್ಕೆ ಮೊದಲು ಲೆಕ್ಕ ಹಾಕಬೇಕಿತ್ತು. ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಎಂಜಿನ್ 98 ಸಿಸಿ. ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವೂ 50 ಮಿಲಿಮೀಟರ್. ಕಂಪನಿ ಹೇಳಿದ ಶಕ್ತಿ 11 ಹಾರ್ಸ್‌ಪವರ್, ಅದೂ ನಿಮಿಷಕ್ಕೆ 7,500 ಸುತ್ತು ತಿರುಗುವಾಗ. ನೂರು ಸಿಸಿಯ ನಾಲ್ಕು ಸ್ಟ್ರೋಕಿನ ಗಾಡಿಗಳು ಏಳೆಂಟು ಹಾರ್ಸ್‌ಪವರ್ ಕೊಡುತ್ತಿದ್ದ ಕಾಲದಲ್ಲಿ ಅದು ದೊಡ್ಡ ಸಂಖ್ಯೆ. ಇವತ್ತಿಗೂ ಚೆನ್ನಾಗಿರುವ ಆರ್‌ಎಕ್ಸಿಗೆ ಜನ ಲಕ್ಷದ ಮೇಲೆ ಕೊಡುವುದು ಆ ಎಳೆತಕ್ಕಾಗಿ, ಆ ಸದ್ದಿಗಾಗಿ.

ಅಪ್ಪನ ಏರಿಗೆ ಎಷ್ಟು ಶಕ್ತಿ ಬೇಕು? ಗಾಡಿ, ಅಪ್ಪ, ಒಂದು ಗೊಬ್ಬರದ ಮೂಟೆ ಸೇರಿ 220 ಕೆಜಿ ಅನ್ನಿ. ಮನೆಯಿಂದ ತೋಟದ ಗೇಟಿಗೆ ಎತ್ತರ, ಫೋನಿನಲ್ಲಿ ನೋಡಿದರೆ, ಸುಮಾರು 180 ಮೀಟರ್. ಇಷ್ಟು ಭಾರವನ್ನು ಇಷ್ಟು ಎತ್ತರಕ್ಕೆ ಆರು ನಿಮಿಷದಲ್ಲಿ ಎತ್ತಲು ಸರಾಸರಿ ಒಂದೂವರೆ ಹಾರ್ಸ್‌ಪವರ್ ಸಾಕು. ಐದಡಿ ಮುಂದೆ ಹೋದರೆ ಒಂದಡಿ ಮೇಲೇರುವ ಆ ಕೊನೆಯ ತಿರುವಿನಲ್ಲಿ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ, ಎರಡೂವರೆ. ಮಣ್ಣಿನ ಹಿಡಿತಕ್ಕೆ ಇನ್ನೊಂದಿಷ್ಟು ಸೇರಿಸಿದರೂ ಹನ್ನೊಂದು ಕುದುರೆಗಳಲ್ಲಿ ಮೂರು ನಾಲ್ಕು ಎದ್ದು ನಿಂತರೆ ಕೆಲಸ ಮುಗಿಯಿತು.

ಈ ಲೆಕ್ಕ ತೋರಿಸಿದಾಗ ಅಪ್ಪ ನಕ್ಕರು. "ಮತ್ತೆ ಉಳಿದ ಕುದ್ರೆ ಎಲ್ಲಿ ಹೋದ್ವು ಕಣಮ್ಮ?"

ಪ್ರಶ್ನೆ ಸರಿಯಾದದ್ದೇ. ಉತ್ತರ ಇಷ್ಟು: ಆ ಹನ್ನೊಂದೂ ಇರುವುದು 7,500 ಸುತ್ತಿನಲ್ಲಿ. ಕೊರಕಲಿನಲ್ಲಿ ಮೊದಲ ಗೇರಿನಲ್ಲಿ ಹೋಗುವಾಗ ಎಂಜಿನ್ ತಿರುಗುವುದು ಮೂರು ನಾಲ್ಕು ಸಾವಿರ ಸುತ್ತು. ಅಲ್ಲಿ ಎಷ್ಟು ಎಳೆತ ಇದೆ ಅನ್ನುವುದನ್ನು ಕಂಪನಿಯ ಕಾಗದದ ದೊಡ್ಡ ಸಂಖ್ಯೆ ಹೇಳುವುದಿಲ್ಲ. ಅಪ್ಪನಿಗೆ ಬೇಕಾದದ್ದು ಕೆಳಗಿನ ಎಳೆತ. ತಮ್ಮನಿಗೆ ಬೇಕಾದದ್ದು ಮೇಲಿನದು. ಒಂದೇ ಎಂಜಿನ್ನಿನಲ್ಲಿ ಎರಡನ್ನೂ ಒಟ್ಟಿಗೆ ಹೆಚ್ಚಿಸುವುದು ಯಾಕೆ ಕಷ್ಟ ಅನ್ನಲು ಅದರ ಉಸಿರಾಟ ಗೊತ್ತಿರಬೇಕು.

ಟೂ ಸ್ಟ್ರೋಕ್ ಎಂಜಿನ್ನಿಗೆ ನಾಲ್ಕು ಸ್ಟ್ರೋಕಿನಂತೆ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆ. ಅವೇ ಪೋರ್ಟುಗಳು. ಪಿಸ್ಟನ್ ಇಳಿಯುವಾಗ ಮೊದಲು ಹೊಗೆಯ ಕಿಟಕಿ ತೆರೆಯುತ್ತದೆ, ಸುಟ್ಟ ಅನಿಲ ಹೊರಗೆ ನುಗ್ಗುತ್ತದೆ. ಇನ್ನೂ ಸ್ವಲ್ಪ ಇಳಿದಾಗ ಪಕ್ಕದ ಕಿಟಕಿಗಳು ತೆರೆದು, ಕೆಳಗಿನ ಕ್ರ್ಯಾಂಕ್ ಮನೆಯಲ್ಲಿ ಒತ್ತಿಕೊಂಡು ಕಾದಿದ್ದ ಹೊಸ ಪೆಟ್ರೋಲು-ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಮೇಲೇರುತ್ತ ಎಲ್ಲವನ್ನೂ ಮುಚ್ಚುತ್ತದೆ, ಕಿಡಿ ಹಾರುತ್ತದೆ. ಪ್ರತಿ ಸುತ್ತಿಗೂ ಒಂದು ಸ್ಫೋಟ. 7,500 ಸುತ್ತು ಅಂದರೆ ಸೆಕೆಂಡಿಗೆ 125 ಸಲ. ಪ್ರತಿ ಸಲವೂ 98 ಸಿಸಿ ಪೂರ್ತಿ ತುಂಬಿತು ಅಂದುಕೊಂಡರೆ ಸೆಕೆಂಡಿಗೆ ಹನ್ನೆರಡು ಲೀಟರಿಗೂ ಮಿಕ್ಕಿ ಗಾಳಿ, ಅದರ ಜೊತೆ ಸುಮಾರು ಒಂದು ಗ್ರಾಂ ಪೆಟ್ರೋಲು. ಆ ಪುಟ್ಟ ಎಂಜಿನ್ನಿನ ಶಕ್ತಿ ಹೆಚ್ಚಿಸುವ ವಿದ್ಯೆಯೆಲ್ಲ ಕೊನೆಗೆ ಈ ಗಾಳಿಯನ್ನು ಹೇಗೆ ಒಳಗೆ ತರುವುದು, ಹೇಗೆ ಹೊರಗೆ ಕಳಿಸುವುದು ಅನ್ನುವುದೇ.

ಇಲ್ಲಿ ಹೊಸ ಗಾಳಿ ಒಳಗೆ ಬರುವಾಗ ಹೊಗೆಯ ಕಿಟಕಿ ಇನ್ನೂ ತೆರೆದೇ ಇರುತ್ತದೆ. ಹಾಗಾಗಿ ಬಂದದ್ದರಲ್ಲಿ ಒಂದು ಪಾಲು ಸುಡದೆ ಆಚೆ ಹೋಗಿಬಿಡುತ್ತದೆ. ಟೂ ಸ್ಟ್ರೋಕ್ ಗಾಡಿಗಳ ಹೊಗೆ, ಕುಡಿಯುವ ಪೆಟ್ರೋಲು, ಕೊನೆಗೆ ಮಾಲಿನ್ಯದ ನಿಯಮಗಳು ಬಿಗಿಯಾದಾಗ ಅವು ರಸ್ತೆಯಿಂದ ಮರೆಯಾದದ್ದು, ಎಲ್ಲದರ ಬೇರು ಇಲ್ಲೇ ಇದೆ.

ಪೋರ್ಟಿಂಗ್ ಅಂದರೆ ಈ ಕಿಟಕಿಗಳನ್ನು ಉಜ್ಜಿ ದೊಡ್ಡದು ಮಾಡುವುದು. ಹೊಗೆಯ ಕಿಟಕಿಯ ಮೇಲಂಚನ್ನು ಒಂದೆರಡು ಮಿಲಿಮೀಟರ್ ಎತ್ತರಿಸಿದರೆ ಅದು ಬೇಗ ತೆರೆಯುತ್ತದೆ, ತಡವಾಗಿ ಮುಚ್ಚುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಒಂದೊಂದು ಉಸಿರಿಗೂ ಸಿಗುವ ಸಮಯ ಕಡಿಮೆ. ಅಲ್ಲಿ ದೊಡ್ಡ ಕಿಟಕಿ ವರದಾನ. ನಿಧಾನಕ್ಕೆ ತಿರುಗುವಾಗ ಅದೇ ಕಿಟಕಿ ತೂತು. ಒತ್ತಡ ಪಿಸ್ಟನ್ನನ್ನು ಇನ್ನೂ ನೂಕುತ್ತಿರುವಾಗಲೇ ಬಾಗಿಲು ತೆರೆದುಕೊಳ್ಳುತ್ತದೆ, ಹೊಸ ಗಾಳಿಗೆ ತಪ್ಪಿಸಿಕೊಂಡು ಹೋಗಲು ಬೇಕಾದಷ್ಟು ಹೊತ್ತು ಸಿಗುತ್ತದೆ. 50 ಮಿಲಿಮೀಟರ್ ಓಟದಲ್ಲಿ ಒಂದು ಮಿಲಿಮೀಟರ್ ಅಂದರೆ ಸಣ್ಣ ಮಾತಲ್ಲ. ತೆಗೆದ ಲೋಹವನ್ನು ಮತ್ತೆ ಹಚ್ಚುವಂತೆಯೂ ಇಲ್ಲ.

ಇದನ್ನು ದೊಡ್ಡ ಮಟ್ಟದಲ್ಲಿ ನೋಡಬೇಕಾದರೆ 1983ರಲ್ಲಿ ಬಂದ ರಾಜ್‌ದೂತ್ 350 ನೆನಪಿಸಿಕೊಳ್ಳಬಹುದು. ಯಮಹಾದ ಮೂಲ ಆರ್‌ಡಿ 350 ಸುಮಾರು 39 ಹಾರ್ಸ್‌ಪವರಿನದು. ನಮ್ಮಲ್ಲಿಗೆ ಬರುವಾಗ ಅದನ್ನು 30.5ಕ್ಕೆ ಇಳಿಸಿದರು. ಅದು ಹೈ ಟಾರ್ಕ್. ಆಮೇಲೆ ಪೆಟ್ರೋಲು ಉಳಿಸಲೆಂದು ಮತ್ತೂ ಇಳಿಸಿ ಸುಮಾರು 27ರ ಲೋ ಟಾರ್ಕ್ ತಂದರು. ಅಷ್ಟೇ ಸಿಸಿ, ನೋಡಲು ಒಂದೇ ಗಾಡಿ, ಉಸಿರಾಟ ಮಾತ್ರ ಬೇರೆ. ಯಾವುದು ಚೆನ್ನಾಗಿರುವ ಎಂಜಿನ್ ಅನ್ನುವುದನ್ನು ಓಡಿಸುವವರ ಜೇಬು, ರಸ್ತೆ, ಕೆಲಸ ಇವೂ ಸೇರಿ ತೀರ್ಮಾನಿಸುತ್ತವೆ.

ನಾನಿರುವ ಮೈಸೂರೂ ಟೂ ಸ್ಟ್ರೋಕಿನ ಊರೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾಗುತ್ತಿದ್ದವು. ಅದು ಮುಚ್ಚಿದ್ದೂ 1996ರಲ್ಲೇ. ಈಗಲೂ ಅಲ್ಲಿನ ಹಳೇ ಗ್ಯಾರೇಜುಗಳಲ್ಲಿ ಯೆಜ್ಡಿಯ ಸದ್ದು ಕೇಳಿಯೇ ರಿಂಗ್ ಸವೆದಿದೆಯೋ ಸೀಲ್ ಹೋಗಿದೆಯೋ ಹೇಳುವವರಿದ್ದಾರೆ. ಅಂಥವರೊಬ್ಬರ ಹತ್ತಿರ ನಮ್ಮ ಗಾಡಿಯ ಕತೆ ಹೇಳಿದೆ. ಅವರು ಸ್ಪ್ಯಾನರಿನಿಂದ ತಲೆ ಎತ್ತದೆ, "ಮೊದಲು ಹಳೇ ಶಕ್ತಿ ವಾಪಸ್ ತನ್ನಿ, ಆಮೇಲೆ ಹೊಸದರ ಮಾತು" ಅಂದರು.

ಈ ಮಾತನ್ನು ಹಿಡಿದುಕೊಂಡೇ ಊರಿಗೆ ಹೋದೆ. ತಮ್ಮನಿಗೆ ಒಂದು ಷರತ್ತು ಹಾಕಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆ ಆದಮೇಲೆ ಅದೇ ಮೂಟೆ, ಅದೇ ಸವಾರ, ಅದೇ ಏರು, ಕೈಯಲ್ಲಿ ಸ್ಟಾಪ್‌ವಾಚು. ಲ್ಯಾಬಿನಲ್ಲಿ ನಾವು ದಿನಾ ಮಾಡುವುದು ಇಷ್ಟೇ. ನಾಲ್ಕು ಕೆಲಸ ಒಟ್ಟಿಗೆ ಮಾಡಿ ಗಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ತಮ್ಮ ಮೊದಲು ಗೊಣಗಿದ. "ಅಕ್ಕಾ, ಗ್ಯಾರೇಜಲ್ಲಿ ಹಿಂಗೆ ಮಾಡ್ತಾ ಕೂತ್ರೆ ಮೇಸ್ತ್ರಿ ಓಡಿಸ್ತಾರೆ." ಆದರೂ ಕಾಫಿ ಲೆಕ್ಕದ ಹಳೇ ಡೈರಿಯೊಂದನ್ನು ಅವನೇ ತಂದುಕೊಟ್ಟ. ಸವಾರ ಅವನು, ಗಡಿಯಾರ ನನ್ನದು, ಮೇಲಿನ ಗೇಟಿನಲ್ಲಿ ನಿಂತು ಕೈ ಎತ್ತುವುದು ಅಪ್ಪನ ಕೆಲಸ.

ಏನೂ ಮಾಡುವ ಮೊದಲು 8 ನಿಮಿಷ 50 ಸೆಕೆಂಡ್, ಅದರಲ್ಲಿ ಕೊನೆಯ ತಿರುವಿನಲ್ಲಿ ಒಮ್ಮೆ ನಿಂತದ್ದೂ ಸೇರಿ.

ಮೊದಲ ಕೆಲಸ, ಸೈಲೆನ್ಸರ್ ಬಿಚ್ಚಿದ್ದು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಸುಡುವುದರಿಂದ ಮಸಿ ಕಟ್ಟುತ್ತದೆ. ಒಳಗಿನ ಕೊಳವೆ ಅರ್ಧ ಮುಚ್ಚಿತ್ತು. ಹೊಗೆಯ ಪೋರ್ಟಿನ ಸುತ್ತ ಕಬ್ಬಿಣದಂಥ ಕರಿ. ಕೊಳವೆಯನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸಿ, ಪೋರ್ಟನ್ನು ಮರದ ಚಕ್ಕೆಯಿಂದ ಕೆರೆದು ತೆಗೆದ. 7 ನಿಮಿಷ 25.

ಎರಡನೆಯದು ಕ್ರ್ಯಾಂಕಿನ ಆಯಿಲ್ ಸೀಲುಗಳು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಮನೆಯೇ ಪಂಪು. ಅದರ ಸೀಲು ಸೋರಿದರೆ ಹೊಸ ಗಾಳಿಯನ್ನು ಮೇಲಕ್ಕೆ ತಳ್ಳುವ ಒತ್ತಡವೇ ಇರುವುದಿಲ್ಲ. ನಿಧಾನದ ಎಳೆತವನ್ನು ಇದು ಎಲ್ಲಕ್ಕಿಂತ ಮೊದಲು ತಿನ್ನುತ್ತದೆ. 6 ನಿಮಿಷ 50.

ಮೂರನೆಯದು ಬೋರ್. ಸಿಲಿಂಡರ್ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಹಾಸನದ ಲೇತಿಗೆ ಕೊಟ್ಟು ಒಂದು ಸೈಜು ಮೇಲಕ್ಕೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗು. ಐನೂರು ಕಿಲೋಮೀಟರ್ ಮೆತ್ತಗೆ ಓಡಿಸಿ ರಿಂಗು ಕೂತಮೇಲೆ ನೋಡಿದರೆ 6 ನಿಮಿಷ 5. ಕೊನೆಯ ತಿರುವಿನಲ್ಲಿ ಗಾಡಿ ನಿಲ್ಲಲಿಲ್ಲ. ಅಪ್ಪ ಗೇಟಿನಿಂದ ಎರಡೂ ಕೈ ಎತ್ತಿದ್ದರು.

ನಾಲ್ಕನೆಯದು ಕಾರ್ಬೋರೇಟರ್. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತು ಪರ್ಸೆಂಟಿನಷ್ಟು ಕಡಿಮೆ. ಅಂದರೆ ಪ್ರತಿ ಉಸಿರಿಗೂ ಸಿಗುವ ಗಾಳಿಯೂ ಅಷ್ಟು ಕಡಿಮೆ. ಯಾವಾಗಲೋ ಯಾರೋ ಹಾಕಿದ್ದ ದೊಡ್ಡ ಜೆಟ್ಟಿನಿಂದ ಪೆಟ್ರೋಲು ಜಾಸ್ತಿ ಹೋಗುತ್ತಿತ್ತು. ತಮ್ಮ ಒಂದೊಂದೇ ನಂಬರ್ ಇಳಿಸುತ್ತ, ಪ್ರತಿ ಸಲ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತ ಹೋದ. ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ, ಕಾಫಿ ಪುಡಿಯ ಬಣ್ಣ ಬಂದರೆ ಸರಿ. ಬಿಳಿಚಿದ ಪ್ಲಗ್ ಅಂದರೆ ಎಂಜಿನ್ ವಿಪರೀತ ಕಾಯುತ್ತಿದೆ ಎಂದರ್ಥ. ಹಾಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಚಕ್ರ ಓಡುವಾಗಲೇ ಲಾಕಾಗುತ್ತದೆ. ಇಷ್ಟು ನಾಜೂಕಾಗಿ ಬಣ್ಣ ಓದುವ ಅವನ ಕಣ್ಣು ನಮ್ಮ ಲ್ಯಾಬಿನಲ್ಲಿದ್ದರೆ ನನಗೆ ಎಷ್ಟೋ ಸ್ಯಾಂಪಲ್ಲು ಉಳಿಯುತ್ತಿದ್ದವು.

ಕೊನೆಯದು ಎಲ್ಲಕ್ಕಿಂತ ಅಗ್ಗದ್ದು. ಮುಂದಿನ 14 ಹಲ್ಲಿನ ಸ್ಪ್ರಾಕೆಟ್ ತೆಗೆದು 13ರದ್ದು ಹಾಕಿದ್ದು. ಒಂದು ಹಲ್ಲು ಕಡಿಮೆಯಾದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಎಂಟು ಪರ್ಸೆಂಟ್ ಹೆಚ್ಚು, ಅದೇ ಸುತ್ತಿನಲ್ಲಿ ವೇಗ ಅಷ್ಟು ಕಡಿಮೆ. ಎಂಜಿನ್ನನ್ನು ಮುಟ್ಟುವ ಮಾತೇ ಇಲ್ಲ. 5 ನಿಮಿಷ 40.

ಈ ಎಲ್ಲದರ ಕೊನೆಗೆ ತಮ್ಮ ತನ್ನ ಪೈಪಿನ ಮಾತು ತೆಗೆದ. ನಿಯಮದ ಪ್ರಕಾರ ಅದೂ ಒಂದು ಬದಲಾವಣೆಯೇ, ಅದಕ್ಕೂ ಒಂದು ಓಟ ಕೊಡಬೇಕು ಎಂದು ವಾದಿಸಿದ. ತೋಟದ ರಸ್ತೆ, ಬೇರೆ ಯಾರೂ ಓಡಾಡುವುದಿಲ್ಲ. ಕೊಟ್ಟೆವು. ಕೆಳಗಿನ ಸಪಾಟಿನಲ್ಲಿ ಗಾಡಿ ಚಿರತೆಯಂತೆ ಹೋಯಿತು. ಮೊದಲ ಕೊರಕಲಿನಲ್ಲಿ ಸುತ್ತು ಇಳಿದದ್ದೇ ತಡ, ಯಾರೋ ಕುತ್ತಿಗೆ ಹಿಡಿದಂತೆ ಕೆಮ್ಮತೊಡಗಿತು. ಕೊನೆಯ ತಿರುವಿನಲ್ಲಿ ನಿಂತೇಹೋಯಿತು. ತಮ್ಮ ಗಾಡಿ ಇಳಿದು ಪೈಪನ್ನೇ ನೋಡುತ್ತ ನಿಂತ. "ಚೆನ್ನಾಗಿರೋ ಪೈಪೇ ಅಕ್ಕ, ಯಾಕಿಂಗೆ?"

ಅವತ್ತು ಸಂಜೆ ಡೈರಿಯ ಹಿಂದಿನ ಹಾಳೆಯಲ್ಲಿ ಇಬ್ಬರೂ ಲೆಕ್ಕ ಹಾಕಿದೆವು. ಹೊಗೆ ಹೊರನುಗ್ಗಿದಾಗ ಪೈಪಿನೊಳಗೆ ಒಂದು ಒತ್ತಡದ ಅಲೆ ಓಡುತ್ತದೆ, ಸದ್ದಿನ ಅಲೆಯಂತೆ. ಪೈಪು ಅಗಲವಾಗುವಲ್ಲಿ ಅದು ಹಿಂದಕ್ಕೆ ಹೀರುವ ಅಲೆಯನ್ನು ಕಳಿಸುತ್ತದೆ, ಸಿಲಿಂಡರಿನ ಹೊಗೆಯನ್ನು ಎಳೆದು ಖಾಲಿ ಮಾಡುತ್ತದೆ. ಕಿರಿದಾಗುವಲ್ಲಿ ತಳ್ಳುವ ಅಲೆ ಹಿಂದಿರುಗುತ್ತದೆ. ಅದು ಕಿಟಕಿ ಮುಚ್ಚುವ ಗಳಿಗೆಗೆ ಸರಿಯಾಗಿ ಬಂದರೆ, ತಪ್ಪಿಸಿಕೊಂಡು ಹೋಗುತ್ತಿದ್ದ ಹೊಸ ಗಾಳಿಯನ್ನು ಒಳಕ್ಕೆ ದಬ್ಬುತ್ತದೆ. ವಾಲ್ವಿಲ್ಲದ ಎಂಜಿನ್ನಿಗೆ ಸದ್ದೇ ಬಾಗಿಲು.

ಬಿಸಿ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. 9,000 ಸುತ್ತಿನಲ್ಲಿ ಒಂದು ಸುತ್ತಿಗೆ 6.7 ಮಿಲಿಸೆಕೆಂಡು. ಕಿಟಕಿ ಅದರಲ್ಲಿ ಅರ್ಧ ಹೊತ್ತು, ಅಂದರೆ 3.3 ಮಿಲಿಸೆಕೆಂಡು ತೆರೆದಿರುತ್ತದೆ ಅನ್ನಿ. ಅಷ್ಟರಲ್ಲಿ ಅಲೆ ಹೋಗಿ ಬರುವ ದೂರ 1.67 ಮೀಟರ್. ಹಾಗಾದರೆ ಅಲೆ ತಿರುಗಬೇಕಾದ ಜಾಗ ಸುಮಾರು 83 ಸೆಂಟಿಮೀಟರ್ ದೂರದಲ್ಲಿರಬೇಕು. ತಮ್ಮ ಟೇಪು ತಂದು ಪೈಪನ್ನು ಅಳೆದ. ಹೆಚ್ಚುಕಡಿಮೆ ಅಷ್ಟೇ! ಈಗ 4,000 ಸುತ್ತಿಗೆ ಹಾಕಿದೆವು. ಕಿಟಕಿ ತೆರೆದಿರುವುದು 7.5 ಮಿಲಿಸೆಕೆಂಡು. ಅಲೆ ಅರ್ಧ ಹೊತ್ತಿಗೇ ವಾಪಸ್ ಬಂದು, ಒಳಗೆ ಬರುತ್ತಿರುವ ಹೊಸ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಕುತ್ತಿಗೆ ಹಿಡಿದವರು ಯಾರೆಂದು ಗೊತ್ತಾಯಿತು.

ಈ ವಿದ್ಯೆಯನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ದುಡ್ಡಿಲ್ಲದ ಎಂಝಡ್ ಕಾರ್ಖಾನೆಯ ಒಂದು ಮೂಲೆಯಲ್ಲಿ ಕೂತು, 1961ರ ಹೊತ್ತಿಗೆ 125 ಸಿಸಿಯ ಎಂಜಿನ್ನಿನಿಂದ 25 ಹಾರ್ಸ್‌ಪವರ್ ತೆಗೆದಿದ್ದರು. ಅಂದರೆ ಲೀಟರಿಗೆ 200. ಅದೇ ವರ್ಷ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ವಾಪಸ್ ಬರಲಿಲ್ಲ. ವಿದ್ಯೆಯ ಸಮೇತ ಜಪಾನಿನ ಸುಜುಕಿ ಸೇರಿದ. 1962ರಲ್ಲಿ 50 ಸಿಸಿಯ ವಿಶ್ವ ಚಾಂಪಿಯನ್ ಪಟ್ಟ ಸುಜುಕಿಗೆ ಸಿಕ್ಕಿತು, ಸವಾರ ಅವನೇ. ಆಮೇಲೆ ಜಪಾನಿನ ಟೂ ಸ್ಟ್ರೋಕುಗಳು ಲೋಕವನ್ನೆಲ್ಲ ಸುತ್ತಿದವು. ಈ ಕತೆ ಕೇಳಿದ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ತನ್ನ ಕೆಲಸಕ್ಕೆ ಇಷ್ಟು ದೊಡ್ಡ ಚರಿತ್ರೆ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನೆಂಟರ ಮನೆಗಳಲ್ಲಿ ಅವನು ಕೇಳಿಕೊಂಡು ಬಂದದ್ದು "ಅಕ್ಕ ಪಿಎಚ್‌ಡಿ, ಇವ್ನು ಗ್ಯಾರೇಜು" ಅನ್ನುವ ಒಂದೇ ವಾಕ್ಯ.

ಇನ್ನೊಂದು ಆಸೆ ಅವನಿಗೆ ಉಳಿದಿತ್ತು. ಹೆಡ್ಡನ್ನು ಲೇತಿನಲ್ಲಿ ಅರ್ಧ ಮಿಲಿಮೀಟರ್ ತೆಗೆಸಿದರೆ ಒಳಗಿನ ಜಾಗ ಕಿರಿದಾಗಿ ಕಂಪ್ರೆಶನ್ ಹೆಚ್ಚುತ್ತದೆ, ಸ್ಫೋಟ ಬಿಗಿಯಾಗುತ್ತದೆ. ಎಲ್ಲ ಸುತ್ತಿನಲ್ಲೂ ಎಳೆತ ಹೆಚ್ಚಿಸುವ ಕೆಲವೇ ಉಪಾಯಗಳಲ್ಲಿ ಇದೂ ಒಂದು. ಅಪ್ಪನ ಏರಿಗೂ ಒಳ್ಳೆಯದೇ. ಅತಿಯಾದರೆ ಪೆಟ್ರೋಲು ಕಿಡಿಗೆ ಕಾಯದೆ ತಾನೇ ಸಿಡಿದು ಪಿಸ್ಟನ್ನಿನ ನೆತ್ತಿ ತಿನ್ನುತ್ತದೆ, ಆದರೆ ಅರ್ಧ ಮಿಲಿಮೀಟರಿಗೆ ಅಷ್ಟು ಹೆದರಬೇಕಿರಲಿಲ್ಲ. ಕಾಗದದ ಮೇಲೆ ನಾನೂ ಒಪ್ಪಿದ್ದೆ. ಬೇಡವೆಂದದ್ದು ಅಪ್ಪ. ಗ್ಯಾರೇಜಿನಲ್ಲಿ ಹೆಡ್ ತೆಗೆಸಿದ್ದ ಬೇರೊಂದು ಆರ್‌ಎಕ್ಸಿಗೆ ತಮ್ಮ ಅವರಿಂದ ಒಂದು ಕಿಕ್ ಹೊಡೆಸಿದ. ಅಪ್ಪ ಎರಡನೇ ಕಿಕ್ ಹೊಡೆಯಲಿಲ್ಲ. ಮಂಡಿ ಹಿಡಿದುಕೊಂಡು ಪಕ್ಕದ ಟೈರಿನ ಮೇಲೆ ಕೂತರು. ಬಿಗಿಯಾದ ಸ್ಫೋಟಕ್ಕೆ ಮೊದಲು ಆ ಗಾಳಿಯನ್ನು ಯಾರಾದರೂ ಕಾಲಿನಿಂದ ಒತ್ತಬೇಕಲ್ಲ. ಆರ್‌ಎಕ್ಸಿಗೆ ಸೆಲ್ಫ್ ಸ್ಟಾರ್ಟ್ ಇಲ್ಲ. ಹೆಡ್ಡು ಕಂಪನಿ ಕೊಟ್ಟಂತೆಯೇ ಉಳಿಯಿತು.

ಕೆಲಸದ ನಡುವೆ ಮೇಸ್ತ್ರಿ ಬಂದು ನೋಡಿ ಹೋಗುತ್ತಿದ್ದರು. ಅವರು ಕೇಳುತ್ತಿದ್ದದ್ದು ಒಂದೇ ಮಾತು, "ಬ್ರೇಕ್ ಏನಾಗಿದೆ?" ಆರ್‌ಎಕ್ಸಿಗೆ ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕು. ಗಾಡಿಯ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. 60ರಲ್ಲಿ ಹೋಗುವ ಗಾಡಿಗಿಂತ 85ರಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸಲು ಬ್ರೇಕು ಎರಡರಷ್ಟು ಕೆಲಸ ಮಾಡಬೇಕು. ಎಂಜಿನ್ನಿಗೆ ಹತ್ತು ಸಾವಿರ ಸುರಿಯುವ ಹುಡುಗರು ಇನ್ನೂರು ರೂಪಾಯಿಯ ಬ್ರೇಕ್ ಲೈನಿಂಗಿಗೆ ಚೌಕಾಸಿ ಮಾಡುತ್ತಾರೆ. ನಮ್ಮದಂತೂ ಹತ್ತಿದಷ್ಟೇ ಇಳಿಯಬೇಕಾದ ಗಾಡಿ. ಇಳಿಜಾರಿನಲ್ಲಿ ಹಿಂದೆ ಹಣ್ಣಿನ ಚೀಲ ಇರುತ್ತದೆ. ಬ್ರೇಕ್ ಶೂ, ಕೇಬಲ್ಲು, ಟೈರು ಹೊಸದು ಬಂದವು. ನನ್ನ ಡೈರಿಯ ಸಮಯದಲ್ಲಿ ಇವು ಒಂದು ಸೆಕೆಂಡನ್ನೂ ಉಳಿಸಲಿಲ್ಲ. ಆದರೆ ಅಪ್ಪ ಮನೆಗೆ ಬರುವವರೆಗೆ ಅಮ್ಮ ಬಾಗಿಲಲ್ಲಿ ನಿಲ್ಲುವುದು ಕಡಿಮೆಯಾಯಿತು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಹಾಗೆ ಮಾಡಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ತಮ್ಮನ ಪೈಪಿನಂಥವುಗಳ ಜಾಗ ರೇಸ್ ಟ್ರ್ಯಾಕು, ಊರ ರಸ್ತೆಯಲ್ಲ. ಊರ ರಸ್ತೆಯಲ್ಲಿ ಅದರ ಸದ್ದಿಗೆ ತೊಟ್ಟಿಲಲ್ಲಿರುವ ಮಗು ಬೆಚ್ಚುತ್ತದೆ, ಕೊಟ್ಟಿಗೆಯ ಹಸು ಹಗ್ಗ ಜಗ್ಗುತ್ತದೆ.

ಹಾಗೆಂದು ಅವನ ಆಸೆಯನ್ನು ಯಾರೂ ಮುರಿದುಹಾಕಲಿಲ್ಲ. ಈ ಮಳೆಗಾಲದಲ್ಲಿ ಅವನು ಗುಜರಿಯಿಂದ ಒಂದು ಹಳೇ ಆರ್‌ಎಕ್ಸ್ ಬ್ಲಾಕು ತಂದಿದ್ದಾನೆ. ರಾತ್ರಿ ಹೊತ್ತು ಅದರ ಪೋರ್ಟುಗಳ ಅಚ್ಚನ್ನು ಕಾಗದದ ಮೇಲೆ ತೆಗೆದು, ಅಳೆದು, ಫೋಟೋ ಹೊಡೆದು ನನಗೆ ಕಳಿಸುತ್ತಾನೆ. ಗಾರ್ಡನ್ ಜೆನ್ನಿಂಗ್ಸ್ 1973ರಲ್ಲಿ ಬರೆದ ಟೂ ಸ್ಟ್ರೋಕ್ ಟ್ಯೂನಿಂಗ್ ಕೈಪಿಡಿಯನ್ನು ನಾನು ವಾರಕ್ಕೊಂದು ಅಧ್ಯಾಯದಂತೆ ಓದಿ ಫೋನಿನಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಅವನು ನಡುನಡುವೆ ತಡೆದು, "ಇದು ನಂಗೊತ್ತಿತ್ತು, ಯಾಕೆ ಅಂತ ಗೊತ್ತಿರ್ಲಿಲ್ಲ" ಅನ್ನುತ್ತಾನೆ. ಒಂದು ಮಿಲಿಮೀಟರ್ ಉಜ್ಜುವ ಮೊದಲು ನಾಲ್ಕು ದಿನ ಯೋಚಿಸುತ್ತಾನೆ. ಆ ಬ್ಲಾಕು ಎಂದಾದರೂ ಒಂದು ಟ್ರ್ಯಾಕಿನಲ್ಲಿ ಓಡಬಹುದು.

ಮೇಲಿನ ತೋಟ ಸದ್ಯಕ್ಕೆ ನಮ್ಮದೇ. ಹೋಂಸ್ಟೇಯವರಿಗೆ ಅಪ್ಪ ಫೋನು ಮಾಡಿ, ಈ ಸಲದ ಕೊಯ್ಲು ಮುಗಿಯಲಿ ಅಂದರಂತೆ. ಪೂರ್ತಿ ಇಲ್ಲ ಎಂದು ಹೇಳಿಲ್ಲ. ಗಾಡಿಯ ರಿಂಗು ಹೊಸದಾಯಿತು, ಮಂಡಿಯದ್ದು ಹಾಗೆ ಆಗುವುದಿಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಎಷ್ಟು ಕೊಯ್ಲು ಸಿಕ್ಕುತ್ತದೋ ಅಷ್ಟು.

ಗ್ಯಾರೇಜಿನಲ್ಲಿ ಈಗ ಹುಡುಗರು "ಹಾರ್ಬೇಕು ಅಣ್ಣಾ" ಎಂದು ಬಂದರೆ ತಮ್ಮ ತಕ್ಷಣ ಸ್ಪ್ಯಾನರ್ ಎತ್ತುವುದಿಲ್ಲವಂತೆ. ಮೂರು ಪ್ರಶ್ನೆ ಕೇಳುತ್ತಾನೆ. ಗಾಡಿ ಎಲ್ಲಿ ಓಡಿಸ್ತೀಯ? ಬ್ರೇಕ್ ಯಾವಾಗ ಮಾಡಿಸಿದ್ದು? ಮನೇಲಿ ಇನ್ಯಾರು ಕಿಕ್ ಹೊಡೀತಾರೆ?

ಮೂರನೆಯದಕ್ಕೆ ಅವರೆಲ್ಲ ನಗುತ್ತಾರಂತೆ. ಇವನು ಉತ್ತರ ಬರುವವರೆಗೂ ಕಾಯುತ್ತಾನೆ.